ನಾಟಿಯಾದ ಟೊಮೆಟೊ ಸಸಿಯ ಕುಡಿಗೆ ಕೈ ಹಾಕುವ ಮುನ್ನ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವನು. ಇಪ್ಪತ್ತು ಗುಂಟೆಗೆ ಟೊಮೆಟೊ ಹಾಕಿದ್ದೇನೆ. ಅರ್ಧಕ್ಕೆ ಬಳ್ಳಿಯ ಹಾಗೆ ಮೇಲೆ ಹೋಗುವ ಕಂಪನಿ ಹೈಬ್ರಿಡ್, ಇನ್ನರ್ಧಕ್ಕೆ ಅರ್ಕಾ ರಕ್ಷಕ್. ಡ್ರಿಪ್ ಇದೆ. ನರ್ಸರಿಯಿಂದ ತಂದ ಟ್ರೇ ಸಸಿ, ನಾಟಿ ಮಾಡಿ ಇವತ್ತಿಗೆ 13 ದಿನ. ಆರನೇ ದಿನ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ, ಹೈಬ್ರಿಡ್‌ನ ಎರಡು ಸಾಲಿಗೆ ಕುಡಿ ಚಿವುಟಿ, ಕಾಂಡ ಬಗ್ಗಿಸಿ, ಗೂಟ ಹೊಡೆದು ನೆಲಮಟ್ಟಕ್ಕೆ ಕಟ್ಟಿದೆ. ಅದರಲ್ಲಿ ಇದಕ್ಕೆ ಟಾಪಿಂಗ್, ಎಲ್‌ಎಸ್‌ಟಿ ಅನ್ನುತ್ತಿದ್ದರು; ಕವಲು ಹೆಚ್ಚಿ ಇಳುವರಿ ಎರಡು ಪಟ್ಟಾಗುತ್ತದಂತೆ. ವಿಡಿಯೊದ ಗಿಡದ ಎಲೆ ಮರಗೆಣಸಿನ ಥರ ಬೆರಳು ಬೆರಳಾಗಿತ್ತು, ಗಿಡ ಯಾವುದಾದರೇನು ಅಂದುಕೊಂಡೆ. ಈಗ ಆ ಎರಡು ಸಾಲು ನಿಂತಲ್ಲೇ ನಿಂತಿವೆ, ಕೆಳಗಿನ ಎಲೆಗಳ ಅಂಚು ಮೇಲಕ್ಕೆ ಸುರುಳಿ ಸುತ್ತಿದೆ. ಉಳಿದ ಸಾಲುಗಳಿಗೂ ಹೀಗೇ ಮಾಡಲೇ, ಬಿಡಲೇ? ಮನೆ ಮುಂದೆ ಸೇವಂತಿಗೆ, ಮೆಣಸಿನ ಸಸಿಗಳೂ ಇವೆ, ಅವನ್ನೂ ಚಿವುಟಬಹುದೇ?

ಉತ್ತರ: ಉಳಿದ ಸಾಲುಗಳ ಕುಡಿಗೆ ಕೈ ಹಾಕಬೇಡಿ. ಈಗಲ್ಲ, ಮುಂದೆಯೂ ಬೇಡ. ಚಿವುಟಿದ ಎರಡು ಸಾಲು ಸಾಯುವುದಿಲ್ಲ, ಅವನ್ನು ಸರಿ ಮಾಡಿಕೊಳ್ಳುವ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನೀವು ನೋಡಿದ್ದು ಗಾಂಜಾ ಗಿಡದ ವಿಡಿಯೊ. ಬೆರಳು ಬೆರಳಾದ ಎಲೆ, ಟಾಪಿಂಗ್, ಎಲ್‌ಎಸ್‌ಟಿ ಎಂಬ ಮಾತುಗಳು, ಎಲ್ಲವೂ ಅದನ್ನೇ ಹೇಳುತ್ತವೆ. ಅದನ್ನು ಬೆಳೆಯಲು ಅನುಮತಿ ಇರುವ ದೇಶಗಳವರು ಮಾಡಿಹಾಕುವ ವಿಡಿಯೊಗಳಿವು. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ನೀವು ಬೆಳೆಯುತ್ತಿರುವುದು ಟೊಮೆಟೊ, ಆ ಭಯ ನಿಮಗಿಲ್ಲ. ಆದರೆ ಆ ಗಿಡದ ಪಾಠವನ್ನು ಈ ಗಿಡಕ್ಕೆ ತಂದದ್ದೇ ಎಡವಟ್ಟಾಗಿದೆ. ಏಕೆಂದರೆ ಎರಡರ ಸ್ವಭಾವ ಪೂರ್ತಿ ಬೇರೆ.

ಗಾಂಜಾ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಹಗಲು ಉದ್ದವಾಗಿರುವಷ್ಟು ಕಾಲ ಅದು ಬರೀ ಸೊಪ್ಪು, ಕಾಂಡ ಬೆಳೆಸುತ್ತಾ ಹೋಗುತ್ತದೆ. ಆದ್ದರಿಂದ ಬೆಳೆಯುವವರಿಗೆ ಪುರಸೊತ್ತು ಹೆಚ್ಚು. ಕುಡಿ ಕಿತ್ತು, ಗಿಡ ಸುಧಾರಿಸಿಕೊಳ್ಳಲು ಎರಡು ವಾರ ಬಿಟ್ಟರೂ ಅವರಿಗೆ ನಷ್ಟವಿಲ್ಲ. ಹೂವು ಬರುವುದು ಕವಲುಗಳ ತುದಿಯಲ್ಲಿ, ಹಾಗಾಗಿ ಹೆಚ್ಚು ತುದಿ ಮಾಡಿಕೊಂಡಷ್ಟೂ ಅವರಿಗೆ ಲಾಭ. ಟೊಮೆಟೊ ಹಗಲಿನ ಲೆಕ್ಕ ಇಡುವುದಿಲ್ಲ. ವಯಸ್ಸಿಗೆ ಬಂದ ಕೂಡಲೇ ಹೂ ಬಿಡುತ್ತದೆ, ಅದೂ ಮುಖ್ಯ ಕಾಂಡದ ಮೇಲೆಯೇ ಗೊಂಚಲು ಗೊಂಚಲಾಗಿ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ: ಸಸಿ ಇನ್ನೂ ಟ್ರೇಯಲ್ಲಿ, ಎರಡು ಮೂರು ಎಲೆ ಬಿಚ್ಚಿ ನಿಂತಿರುವಾಗಲೇ ಮೊದಲ ಗೊಂಚಲಿನ ಮೊಗ್ಗು ಕುಡಿಯೊಳಗೆ ರೂಪುಗೊಳ್ಳಲು ಶುರುವಾಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಸೂಕ್ಷ್ಮದರ್ಶಕ ಬೇಕು. ನೀವು ಆರನೇ ದಿನ ಉಗುರಿನಲ್ಲಿ ಚಿವುಟಿ ಬದುವಿಗೆ ಎಸೆದ ಕುಡಿಯಲ್ಲಿ ಮೊದಲ ಕೊಯ್ಲಿನ ಹಣ್ಣಿತ್ತು. ಪಕ್ಕದ ಕವಲು ಬಂದು, ಅದು ಹೂವಿಗೆ ಬರುವ ಹೊತ್ತಿಗೆ ನಿಮ್ಮ ಆ ಸಾಲುಗಳು ಎರಡು ವಾರದ ಆಸುಪಾಸು ಹಿಂದೆ ಬೀಳುತ್ತವೆ. ಟೊಮೆಟೊ ರೇಟು ಎರಡು ವಾರದಲ್ಲಿ ಏನಾಗುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.

ಇಷ್ಟು ಕುಡಿಯ ಕಥೆ. ಆದರೆ ನಿಮ್ಮ ಗಿಡ ನಿಂತುಬಿಟ್ಟಿದ್ದಕ್ಕೆ ಕಾರಣ ಕುಡಿ ಒಂದೇ ಅಲ್ಲ, ಚಿವುಟಿದ ದಿನವೂ.

ನಾಟಿ ಮಾಡಿದ ಮೊದಲ ಹತ್ತು ಹನ್ನೆರಡು ದಿನ ಸಸಿ ಬಾಣಂತಿ ಇದ್ದ ಹಾಗೆ. ಮೇಲೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಎಲ್ಲ ಕೆಲಸವೂ ಮಣ್ಣಿನ ಕೆಳಗೆ. ಟ್ರೇಯ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿಕೊಂಡಿದ್ದ ಬೇರು ಹೊರಗೆ ಬಂದು ನಿಮ್ಮ ಹೊಲದ ಮಣ್ಣನ್ನು ಕಚ್ಚಬೇಕು. ಬೇರಿಗೆ ಬೇಕಾದ ಸಕ್ಕರೆಯನ್ನು ಮಾಡಿಕೊಡುವುದು ಎಲೆ. ಬೇರು ಒಡೆಯಲು ಬೇಕಾದ ಆಕ್ಸಿನ್ ಎಂಬ ಹಾರ್ಮೋನು ಕುಡಿಯಲ್ಲಿ, ಎಳೆ ಎಲೆಗಳಲ್ಲಿ ತಯಾರಾಗಿ ಕಾಂಡದ ಮೂಲಕ ಕೆಳಗೆ ಇಳಿಯುತ್ತದೆ. ಅದೇ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಸುಮ್ಮನೆ ಕೂರಿಸಿರುತ್ತದೆ, ಆದ್ದರಿಂದಲೇ ಕುಡಿ ಕಿತ್ತಾಗ ಕವಲು ಒಡೆಯುವುದು. ಆ ಪಕ್ಕದ ಮೊಗ್ಗು ಏಳಬೇಕಾದರೆ ಬೇರಿನ ತುದಿಯಲ್ಲಿ ಹುಟ್ಟುವ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಮೇಲೆ ಬರಬೇಕು. ಬೇರೇ ಇನ್ನೂ ಸುಧಾರಿಸದಿದ್ದಾಗ ಕುಡಿ ಕಿತ್ತರೆ ಎರಡೂ ಕಡೆ ನಷ್ಟ: ಕೆಳಕ್ಕೆ ಹೋಗಬೇಕಾದ್ದು ನಿಂತಿತು, ಮೇಲೆ ಬರಬೇಕಾದ್ದು ಇನ್ನೂ ಹುಟ್ಟಿಲ್ಲ. ಗಿಡ ಸತ್ತೂ ಇಲ್ಲ, ಬೆಳೆಯುತ್ತಲೂ ಇಲ್ಲ ಅನ್ನುವ ಸ್ಥಿತಿ. ಅದರ ಮೇಲೆ ಕಾಂಡವನ್ನೂ ಬಗ್ಗಿಸಿದ್ದೀರಿ. ನೆಲದ ಹತ್ತಿರ ಗೂಟ ಹೊಡೆದಾಗ ಹೊಸ ಬೇರಿಗೂ ಏಟು ಬಿದ್ದಿರುತ್ತದೆ.

ಬೇರು ಹಿಡಿದಿದೆಯೋ ಇಲ್ಲವೋ ತಿಳಿಯಲು ಕ್ಯಾಲೆಂಡರು ನೋಡುವುದಕ್ಕಿಂತ ಬೆಳಿಗ್ಗೆ ಆರೂವರೆಗೆ ಹೊಲಕ್ಕೆ ಹೋಗಿ ಗಿಡ ನೋಡುವುದು ಮೇಲು. ಎಲೆಯ ಅಂಚಿನಲ್ಲಿ, ನರ ಬಂದು ಮುಗಿಯುವ ಒಂದೊಂದು ಮೊನೆಯಲ್ಲೂ ಒಂದೊಂದು ಸಣ್ಣ ನೀರಿನ ಹನಿ ಪೋಣಿಸಿದಂತೆ ನಿಂತಿದೆಯೇ? ಇಬ್ಬನಿಯಾದರೆ ಎಲೆಯ ಮೇಲೆಲ್ಲ ಚೆಲ್ಲಾಪಿಲ್ಲಿ ಕೂರುತ್ತದೆ. ಅಂಚಿನಲ್ಲಿ ಮಾತ್ರ ಸಾಲಾಗಿ ನಿಂತ ಹನಿ ಗಿಡ ಒಳಗಿನಿಂದ ಹೊರಹಾಕಿದ್ದು. ಬೇರು ರಾತ್ರಿಯಿಡೀ ನೀರೆತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಜೊತೆಗೆ ನಾಟಿಯಾದ ಮೇಲೆ ಬಂದ ಹೊಸ ಎಲೆ ಹೊಳಪಿನ ತಿಳಿಹಸಿರಾಗಿ ಬಿಚ್ಚಿರಬೇಕು, ಮಧ್ಯಾಹ್ನ ಬಾಡಿದರೂ ಸಂಜೆಗೆ ಚೇತರಿಸಿಕೊಳ್ಳಬೇಕು, ಕಾಂಡ ಹಿಡಿದು ಹಗುರವಾಗಿ ಎಳೆದರೆ ಮಣ್ಣು ಬಿಗಿ ತೋರಿಸಬೇಕು. ಇವೆಲ್ಲ ಕಂಡ ಮೇಲೆ ಕಟ್ಟುವುದು, ಕವಲು ತೆಗೆಯುವುದು ಶುರು ಮಾಡಿ. ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಇದು ಬೇಗ ಆಗುತ್ತದೆ. ನಾಲೆ ಬಯಲಿನ ಜಿಗುಟು ಮಣ್ಣಿನಲ್ಲಿ, ಅದರಲ್ಲೂ ಹಿಂದಿನ ಬೆಳೆ ಭತ್ತವಾಗಿದ್ದು ಕೆಳಗೆ ಗಟ್ಟಿ ಪದರ ಕೂತಿದ್ದರೆ ಇನ್ನೊಂದು ವಾರ ಹೆಚ್ಚೇ ಹಿಡಿಯುತ್ತದೆ.

ಬೆಳಿಗ್ಗೆ ಏಳು ಗಂಟೆಗೇ ಗಿಡ ಬಾಡಿ ನಿಂತಿದ್ದರೆ ಅದು ಬೇರೆ ವಿಷಯ. ಮಣ್ಣಿಗೆ ಬೆರಳು ಇಳಿಸಿ ನೋಡಿ. ಎರಡು ಅಂಗುಲ ಕೆಳಗೂ ಕೆಸರಿನ ಹಾಗಿದ್ದರೆ ಬೇರಿಗೆ ಉಸಿರಿಲ್ಲ, ಡ್ರಿಪ್ ನಿಲ್ಲಿಸಿ. ತೇವ ಸರಿಯಿದ್ದೂ ಒಂದೊಂದೇ ಗಿಡ ಹಸಿರಾಗಿರುವಾಗಲೇ ಜೋತುಬಿದ್ದರೆ ಆ ಗಿಡದ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ಶುದ್ಧ ನೀರಿನಲ್ಲಿ ಕತ್ತರಿಸಿದ ತುದಿಯನ್ನಷ್ಟೇ ಅದ್ದಿ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂತಹ ಬಿಳಿ ಎಳೆ ನೀರಿಗೆ ಇಳಿದರೆ ದುಂಡಾಣು ಸೊರಗು ರೋಗ. ಆ ಗಿಡವನ್ನು ಬೇರು ಸಮೇತ ತೆಗೆದು ಹೊಲದಿಂದ ಆಚೆ ಹಾಕಿ. ಆ ಜಾಗದ ಮಣ್ಣು ಮೆತ್ತಿದ ಗುದ್ದಲಿಯನ್ನು ಬೇರೆ ಸಾಲಿಗೆ ಒಯ್ಯಬೇಡಿ.

ಈಗ ನಿಮ್ಮ ಸುರುಳಿ ಎಲೆ. ಎಲೆ ಮುದುಡಿದ್ದನ್ನು ನೋಡಿ ಅಂಗಡಿಗೆ ಹೋದರೆ ಎರಡು ಮೂರು ಬಾಟಲಿ ಕೈಗೆ ಬರುತ್ತವೆ, ಹೋಗಬೇಡಿ. ಎಲೆ ಮುದುಡುವುದರಲ್ಲಿ ಮೂರು ಥರ ಇದೆ, ಮೂರೂ ನಿಮ್ಮ ಸೀಮೆಯಲ್ಲಿ ಕಾಣಸಿಗುತ್ತವೆ.

ಕೆಳಗಿನ ವಯಸ್ಸಾದ ಎಲೆಗಳು ಅಂಚು ಮೇಲೆತ್ತಿ ದೋಣಿಯಂತಾಗಿ, ಮುಟ್ಟಿದರೆ ದಪ್ಪ, ಒರಟು ಅನ್ನಿಸಿ, ಬಣ್ಣ ಮಾತ್ರ ಹಸಿರೇ ಉಳಿದಿದ್ದರೆ ಅದು ರೋಗವಲ್ಲ. ಚಿವುಟಿದ್ದಕ್ಕೆ, ಬಿಸಿಲಿಗೆ, ನೀರಿನ ಏರುಪೇರಿಗೆ ಗಿಡ ಕೊಡುವ ಉತ್ತರ. ಬೆಳೆಯುವ ಕುಡಿ ಇಲ್ಲದಾಗ ಎಲೆಯಲ್ಲಿ ತಯಾರಾದ ಸಕ್ಕರೆ ಅಲ್ಲೇ ಉಳಿದು ಹೀಗಾಗುತ್ತದೆ. ನೀವು ಬರೆದಿರುವುದು ಇದನ್ನೇ ಹೋಲುತ್ತದೆ, ಮುಖ್ಯವಾಗಿ ಚಿವುಟಿದ ಎರಡು ಸಾಲಿಗೆ ಮಾತ್ರ ಆಗಿರುವುದರಿಂದ. ಔಷಧ ಬೇಡ. ಸುತ್ತಿದ ಎಲೆ ಮತ್ತೆ ಪೂರ್ತಿ ಬಿಚ್ಚದೇ ಇರಬಹುದು, ಹೊಸ ಎಲೆ ಸರಿಯಾಗಿ ಬಂದರೆ ಸಾಕು.

ಎರಡನೆಯದು ಎಲೆ ಮುಟುರು ರೋಗ. ಬಿಳಿನೊಣದಿಂದ ಹರಡುವ ನಂಜು, ಅಂದರೆ ವೈರಸ್. ಇದರಲ್ಲಿ ಕೆಡುವುದು ಕೆಳಗಿನ ಎಲೆಯಲ್ಲ, ಕುಡಿ. ಹೊಸ ಎಲೆ ಚಿಕ್ಕದಾಗಿ, ಅಂಚು ಹಳದಿಯಾಗಿ, ಮುರುಟಿ, ಗಿಡ ಪೊದೆಯಂತೆ ಗಿಡ್ಡವಾಗುತ್ತದೆ. ಇದಕ್ಕೆ ಬಂದ ಮೇಲೆ ಮದ್ದಿಲ್ಲ. ಒಂದೊಂದು ಗಿಡದಲ್ಲಿ ಕಂಡರೆ ಈಗಲೇ ಕಿತ್ತು, ಅಲ್ಲಾಡಿಸದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತೆಗೆದುಬಿಡಿ. ಅರ್ಕಾ ರಕ್ಷಕ್ ಹೆಸರುಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಎಲೆ ಮುಟುರು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್) ಈ ಮೂರನ್ನೂ ತಡೆದುಕೊಳ್ಳುವಂತೆ ಮಾಡಿದ್ದು. ಹೈಬ್ರಿಡ್ ಸಾಲಿನಲ್ಲಿ ಕುಡಿ ಮುರುಟಿ, ಪಕ್ಕದ ಅರ್ಕಾ ರಕ್ಷಕ್ ಸಾಲು ನಗುತ್ತಾ ನಿಂತಿದ್ದರೆ ಈ ನಂಜಿನ ಅನುಮಾನ ಗಟ್ಟಿಯಾಗುತ್ತದೆ.

ಮೂರನೆಯದನ್ನು ಮಂಡ್ಯ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಪಕ್ಕದ ಕಬ್ಬಿಗೆ, ಭತ್ತಕ್ಕೆ ಹೊಡೆದ ಟು-ಫೋರ್-ಡಿ ಕಳೆನಾಶಕ. ಅಗಲ ಎಲೆಯ ಕಳೆ ಕೊಲ್ಲುವ ಔಷಧ ಅದು. ಕಬ್ಬಿಗೆ ಏನೂ ಆಗುವುದಿಲ್ಲ, ಟೊಮೆಟೊ ಮಾತ್ರ ಅದರ ಗಾಳಿ ಸೋಕಿದರೂ ತಡೆಯದು. ಎಸ್ಟರ್ ರೂಪದ್ದಾದರೆ ಹೊಡೆದ ಮೇಲೂ ಬಿಸಿಲಿಗೆ ಆವಿಯಾಗಿ ತೇಲಿ ಬರುತ್ತದೆ. ಹೊಸ ಎಲೆ ದಾರದಂತೆ ಸಪೂರವಾಗಿ, ನರಗಳು ಒತ್ತೊತ್ತಾಗಿ, ತೊಟ್ಟು, ಕಾಂಡ ತಿರುಚಿ ಕೆಳಕ್ಕೆ ಬಾಗುತ್ತವೆ. ಒಂದೇ ಕಡೆಯ ಬದುವಿಗೆ ಹತ್ತಿರದ ಸಾಲುಗಳಲ್ಲಿ ಜೋರಾಗಿದ್ದು, ಒಳಗೆ ಹೋದಂತೆ ಕಡಿಮೆಯಾಗಿದ್ದರೆ ಪಕ್ಕದ ಗದ್ದೆಯವರನ್ನು ಒಂದು ಮಾತು ಕೇಳಿ. ಪಕ್ಕದವರೇನೂ ಹೊಡೆದಿಲ್ಲ, ಆದರೂ ಲಕ್ಷಣ ಇದೇ ಅನ್ನಿಸಿದರೆ ನಿಮ್ಮದೇ ಸ್ಪ್ರೇಯರ್ ಕ್ಯಾನನ್ನು ಅನುಮಾನಿಸಿ. ಕಬ್ಬಿಗೆ ಕಳೆನಾಶಕ ಹೊಡೆದ ಕ್ಯಾನನ್ನು ನೀರಿನಲ್ಲಿ ಗಲಗಲ ತೊಳೆದು ಅದರಲ್ಲೇ ಟೊಮೆಟೊಗೆ ಔಷಧ ಹೊಡೆಯುವವರು ಎಷ್ಟು ಜನ! ಬರೀ ನೀರಿಗೆ ಅದು ಬಿಡುವುದಿಲ್ಲ. ಕಳೆನಾಶಕಕ್ಕೆ ಒಂದು ಕ್ಯಾನ್ ಬೇರೆಯೇ ಇಟ್ಟು, ಮೇಲೆ ಕೆಂಪು ಬಣ್ಣ ಬಳಿದುಬಿಡಿ. ಲಕ್ಷಣ ಸೌಮ್ಯವಾಗಿದ್ದರೆ ಗಿಡ ಚೇತರಿಸಿಕೊಳ್ಳುತ್ತದೆ. ಆದರೆ ಅದು ಮುಗಿಯುವವರೆಗೂ ಕವಲು ಕೀಳುವ, ಕಟ್ಟುವ ಕೆಲಸವೆಲ್ಲ ಬಂದ್.

ಗಿಡ ಕಟ್ಟುವುದಕ್ಕೆ ಬರೋಣ. ಟೊಮೆಟೊಗೆ ನಿಜವಾಗಿ ಬೇಕಾಗಿರುವ ಪಳಗಿಸುವಿಕೆ ಇದೇ: ಕುಡಿಯನ್ನು ಕೊಲ್ಲದೆ ಮೇಲಕ್ಕೆ ಹತ್ತಿಸುವುದು. ನೆಲಮಟ್ಟಕ್ಕೆ ಬಗ್ಗಿಸುವುದು ಯಾವ ಲೆಕ್ಕಕ್ಕೂ ಬೇಡ. ಎಲೆ ಮಣ್ಣಿಗೆ ತಾಗಿದಷ್ಟೂ, ಮಳೆಹನಿಗೆ ಮಣ್ಣು ಸಿಡಿದಷ್ಟೂ ಅಂಗಮಾರಿಗೆ ನೀವೇ ಮೆಟ್ಟಿಲು ಕಟ್ಟಿದಂತೆ. ಆಷಾಢದ ಗಾಳಿ ನಿಮಗೆ ಗೊತ್ತೇ ಇದೆ. ಅದು ಬೀಸತೊಡಗಿದ ಮೇಲೆ ಕಂಬ ನೆಡುತ್ತೇನೆ ಅಂದರೆ ಆಗದು. ನಾಟಿ ಮಾಡಿ ಎರಡು ವಾರದೊಳಗೆ, ಬೇರು ಇನ್ನೂ ದೂರ ಹರಡುವ ಮೊದಲೇ ಕಂಬ ನೆಟ್ಟುಬಿಡಬೇಕು. ನಿಮಗೆ ಈ ವಾರವೇ ಸಮಯ. ಬುಡದಿಂದ ಒಂದು ಗೇಣು ದೂರದಲ್ಲಿ ಕಂಬ, ಸರ್ವೆಯದೋ ನೀಲಗಿರಿಯದೋ ಯಾವುದು ಅಗ್ಗವೋ ಅದು. ಹೈಬ್ರಿಡ್‌ಗೆ ನೆಲದ ಮೇಲೆ ಆರಡಿಯಾದರೂ ಉಳಿಯಬೇಕು, ಅರ್ಕಾ ರಕ್ಷಕ್‌ಗೆ ನಾಲ್ಕಡಿ ಸಾಕು. ಕಂಬದಿಂದ ಕಂಬಕ್ಕೆ ತಂತಿ ಎಳೆದು, ತಂತಿಯಿಂದ ಸುತಳಿ ಇಳಿಬಿಟ್ಟು ಗಿಡಕ್ಕೆ ಕೊಡಿ.

ದಾರ ಕಟ್ಟುವ ರೀತಿಯಲ್ಲೇ ಅರ್ಧ ಗಿಡ ಕೆಡುವುದು. ಕಾಂಡವನ್ನು ಒಂದು ಸುತ್ತು ಬಿಗಿದು ಗಂಟು ಹಾಕಿದರೆ ಇವತ್ತು ಚೆನ್ನಾಗಿ ಕಾಣುತ್ತದೆ, ತಿಂಗಳಿಗೆ ಕಾಂಡ ದಪ್ಪವಾದಾಗ ದಾರ ಒಳಗೆ ಕಚ್ಚುತ್ತದೆ. ದಾರವನ್ನು ಎಂಟರ ಅಂಕಿಯಂತೆ ಹಾಕಿ: ಒಂದು ಕಣ್ಣು ಕಂಬಕ್ಕೆ ಬಿಗಿಯಾಗಿ, ಇನ್ನೊಂದು ಕಣ್ಣು ಕಾಂಡಕ್ಕೆ ಸಡಿಲವಾಗಿ, ಅದರೊಳಗೆ ನಿಮ್ಮ ಕಿರುಬೆರಳು ಓಡಾಡುವಷ್ಟು. ಎಲೆ ತೊಟ್ಟಿನ ಕೆಳಗೆ ಕಟ್ಟಿದರೆ ಜಾರುವುದಿಲ್ಲ. ಹೂಗೊಂಚಲಿನ ಕೆಳಗೆ ಕಟ್ಟಬೇಡಿ, ಕಾಯಿ ಭಾರಕ್ಕೆ ಗೊಂಚಲು ದಾರದ ಮೇಲೆ ಮುರಿಯುತ್ತದೆ. ವೀಳ್ಯದೆಲೆ ತೋಟದವರು ಬಳ್ಳಿ ಕಟ್ಟಲು ಒದ್ದೆ ಬಾಳೆಪಟ್ಟೆ ಬಳಸುತ್ತಾರಲ್ಲ, ಮೊದಲ ಎರಡು ಕಟ್ಟಿಗೆ ಅದಕ್ಕಿಂತ ಮೃದುವಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಡಿಲ ಬಿಡುವುದಕ್ಕೆ ಇನ್ನೊಂದು ಕಾರಣವಿದೆ. ಗಾಳಿಗೆ ಅಷ್ಟಿಷ್ಟು ಅಲುಗುವ ಕಾಂಡ ಗಿಡ್ಡವಾಗಿ, ದಪ್ಪವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಅಲುಗದಂತೆ ಬಿಗಿದ ಗಿಡ ಉದ್ದಕ್ಕೆ ಹೋಗಿ ಸೋಲುತ್ತದೆ.

ಕಾಂಡವನ್ನು ಕಂಬದ ಕಡೆಗೆ ತಿರುಗಿಸಬೇಕಾದಾಗ ಸಂಜೆ ನಾಲ್ಕರ ಮೇಲೆ ಮಾಡಿ. ಬೆಳಿಗ್ಗೆ ಕಾಂಡದ ತುಂಬ ನೀರಿರುತ್ತದೆ, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಮಧ್ಯಾಹ್ನದ ಬಿಸಿಲುಂಡ ಮೇಲೆ ಅದೇ ಕಾಂಡ ಸ್ವಲ್ಪ ಸೋತು ಬಳುಕುತ್ತದೆ. ಕವಲು ಕೀಳುವುದು ಮಾತ್ರ ತದ್ವಿರುದ್ಧ, ಅದು ಬೆಳಗಿನ ಕೆಲಸ: ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು. ಎಳೆ ಕವಲು ಆಗ ಸುಲಭವಾಗಿ ಕಿತ್ತುಬರುತ್ತದೆ, ಗಾಯ ಸಂಜೆಯೊಳಗೆ ಒಣಗುತ್ತದೆ. ಅಂದರೆ ಎರಡೂ ಕೆಲಸ ಒಂದೇ ದಿನ ಮಾಡಲು ಗಿಡವೇ ಬಿಡುವುದಿಲ್ಲ, ಮಾಡಲೂ ಬಾರದು. ಒಂದು ವಾರ ಕಟ್ಟಿ, ಮುಂದಿನ ವಾರ ಕವಲು ತೆಗೆಯಿರಿ, ಅದರ ಮುಂದಿನ ವಾರ ಬುಡಕ್ಕೆ ಮಣ್ಣು ಏರಿಸಿ. ಆಳು ಸಿಕ್ಕರು ಅಂತ ಮೂರನ್ನೂ ಒಂದೇ ದಿನ ಮುಗಿಸುವುದು ನಮ್ಮಲ್ಲಿ ಮಾಮೂಲು, ಅದರ ಮರುದಿನ ಯೂರಿಯಾ ಕೊಡುವುದೂ ಮಾಮೂಲು. ಆಳಿನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಅಷ್ಟೇ ಕೂಲಿಗೆ ದಿನಕ್ಕೆ ಒಂದೇ ಕೆಲಸ, ಆದರೆ ಇಡೀ ಹೊಲಕ್ಕೆ, ಅಂತ ಹಂಚಿಕೊಂಡರೆ ಖರ್ಚೇನೂ ಹೆಚ್ಚಾಗುವುದಿಲ್ಲ.

ಯಾವ ಕವಲು ಕೀಳಬೇಕು ಎಂಬುದು ತಳಿಯ ಮೇಲೆ. ನಿಮ್ಮ ಹೈಬ್ರಿಡ್ ಮೇಲಕ್ಕೆ ಹೋಗುತ್ತಲೇ ಇರುವ ಜಾತಿ, ಸಾಮಾನ್ಯವಾಗಿ ಮೂರು ಮೂರು ಎಲೆಗೊಂದು ಗೊಂಚಲು. ಇದರಲ್ಲಿ ಎಲೆಯ ಕಂಕುಳಲ್ಲಿ ಬರುವ ಕವಲುಗಳನ್ನು ಎರಡು ಅಂಗುಲ ಇರುವಾಗಲೇ ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿ ಮುರಿಯಿರಿ. ಆದರೆ ಮೊದಲ ಹೂಗೊಂಚಲಿನ ಸರಿಯಾಗಿ ಕೆಳಗಿನ ಕವಲನ್ನು ಬಿಡಿ. ಗಿಡದಲ್ಲೇ ಅತ್ಯಂತ ಬಲವಾದ ಕವಲು ಅದು. ಅದನ್ನು ಎರಡನೇ ಕಾಂಡವಾಗಿ ಇನ್ನೊಂದು ಸುತಳಿಗೆ ಹತ್ತಿಸಿ. ಕವಲು ಹೆಚ್ಚಬೇಕು ಅಂತ ನಿಮಗಿದ್ದ ಆಸೆ ಹೀಗೆ ಕುಡಿ ಕೀಳದೆಯೇ ಈಡೇರುತ್ತದೆ, ಮೊದಲ ಗೊಂಚಲೂ ಉಳಿಯುತ್ತದೆ. ಒಂದು ಸಲಕ್ಕೆ ಒಂದು ಗಿಡದಿಂದ ಎರಡು ಮೂರು ಕವಲಿಗಿಂತ ಹೆಚ್ಚು ತೆಗೆಯಬೇಡಿ. ಕೆಲಸ ತಪ್ಪಿಹೋಗಿ ಕವಲು ಒಂದಡಿ ಬೆಳೆದುಬಿಟ್ಟಿದೆಯೇ? ಬುಡದಿಂದ ಕೀಳುವ ಬದಲು ಅದರ ಎರಡು ಎಲೆ ಬಿಟ್ಟು ತುದಿ ಮಾತ್ರ ತೆಗೆಯಿರಿ, ಆ ಎರಡು ಎಲೆ ಗಿಡಕ್ಕೆ ದುಡಿಯುತ್ತವೆ.

ಅರ್ಕಾ ರಕ್ಷಕ್ ಅಷ್ಟು ಎತ್ತರಕ್ಕೆ ಹೋಗದ ನಡುವಿನ ಜಾತಿ. ಅದರ ಕವಲುಗಳಲ್ಲೇ ಬಹುಪಾಲು ಕಾಯಿ. ಮೊದಲ ಗೊಂಚಲಿಗಿಂತ ಕೆಳಗೆ, ನೆಲಕ್ಕೆ ತಾಗುವಂಥ ಕವಲು, ಎಲೆಗಳನ್ನು ತೆಗೆದು ಗಾಳಿಯಾಡಲು ಬಿಟ್ಟರೆ ಮುಗಿಯಿತು. ಮೇಲಿನದಕ್ಕೆ ಕೈ ಹಚ್ಚಬೇಡಿ. ಸೊಪ್ಪು ಜಾಸ್ತಿ ಕಂಡಿತು ಅಂತ ಬೋಳಿಸಿದರೆ ಕಾಯಿಗೆ ನೆರಳಿಲ್ಲದೆ ಬಿಸಿಲಿಗೆ ಬೆಂದು ಬಿಳಿ ಮಚ್ಚೆ ಬೀಳುತ್ತದೆ, ಆ ಕಾಯಿಯನ್ನು ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ.

ಕೈ ಅಂದಾಗ ಇನ್ನೊಂದು ಮಾತು. ಬೀಡಿ ಸೇದಿದ, ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಟೊಮೆಟೊ ಕವಲು ಕೀಳಬಾರದು. ಹೊಗೆಸೊಪ್ಪಿನ ಮೊಸಾಯಿಕ್ ನಂಜು ಒಣಗಿದ ಎಲೆಯಲ್ಲೂ ಬದುಕಿರುತ್ತದೆ. ಇದಕ್ಕೆ ನೊಣ ಬೇಕಿಲ್ಲ, ಕೈಯಿಂದ ಗಾಯಕ್ಕೆ ಮುಟ್ಟಿದರೆ ಸಾಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೊಲದಲ್ಲಿ ಬೆಳಿಗ್ಗೆ ದುಡಿದು, ಮಧ್ಯಾಹ್ನ ಟೊಮೆಟೊಗೆ ಬರುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಸಾಲಿನ ತುದಿಯಲ್ಲಿ ಒಂದು ಬಕೆಟ್ ನೀರು, ಒಂದು ಸೋಪು ಇಡಿ. ಒಂದೊಂದು ಸಾಲು ಮುಗಿದಾಗಲೂ ಕೈ ತೊಳೆಯಲಿ. ಅನುಮಾನದ ಗಿಡಗಳನ್ನು ಕೊನೆಗೆ ಮುಟ್ಟಿ. ಸೋನೆ ಮಳೆ ಹಿಡಿದು ಎಲೆ ಒದ್ದೆಯಿರುವ ದಿನ ಈ ಕೆಲಸಕ್ಕೇ ಇಳಿಯಬೇಡಿ.

ನೀರು, ಗೊಬ್ಬರದ್ದು ಸಣ್ಣ ಮಾತು. ಕಟ್ಟುವ ಅಥವಾ ಕವಲು ಕೀಳುವ ಹಿಂದಿನ ಸಂಜೆ ಡ್ರಿಪ್ ಬಿಟ್ಟಿರಿ, ಬಾಯಾರಿದ ಗಿಡಕ್ಕೆ ಗಾಯ ಮಾಡಬೇಡಿ. ಗಾಯ ಮಾಡಿದ ವಾರ ಸಾರಜನಕ ಸುರಿಯಬೇಡಿ, ಮೆತ್ತನೆಯ ಸೊಪ್ಪು ಬಂದು ಬಿಳಿನೊಣಕ್ಕೆ ಔತಣವಾಗುತ್ತದೆ. ಹೊಸ ಎಲೆ ಬಿಚ್ಚಿದ ಮೇಲೆ ಬೇಕಿದ್ದರೆ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಮೂರು ಗ್ರಾಂ ಹಾಕಿ ಒಂದು ಸಲ ಸಿಂಪಡಿಸಬಹುದು. ಇಪ್ಪತ್ತೈದು ಮೂವತ್ತನೇ ದಿನ ಬುಡಕ್ಕೆ ಮಣ್ಣು ಏರಿಸುವುದನ್ನು ಮಾತ್ರ ತಪ್ಪಿಸಬೇಡಿ; ಮಣ್ಣು ತಾಗಿದ ಕಡೆಯೆಲ್ಲ ಟೊಮೆಟೊ ಕಾಂಡ ಬೇರು ಬಿಡುತ್ತದೆ. ಕಸಿ ಸಸಿ ಹಾಕಿದವರು ಮಾತ್ರ ಕಸಿಯ ಗಂಟನ್ನು ಮುಚ್ಚಬಾರದು.

ಚಿವುಟಿದ ಎರಡು ಸಾಲಿಗೆ ಈಗ ಏನು ಮಾಡಬೇಕು? ಇವತ್ತು ಸಂಜೆಯೇ ಕಟ್ಟು ಬಿಚ್ಚಿ. ಗೂಟ ಕೀಳಬೇಡಿ, ಮತ್ತೆ ಬೇರು ಅಲುಗುತ್ತದೆ. ಗೂಟವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿಬಿಡಿ. ಬಾಗಿದ ಕಾಂಡವನ್ನು ಕೈಯಿಂದ ನೆಟ್ಟಗೆ ಮಾಡಲು ಹೋಗಬೇಡಿ, ಬೆಳಕಿಗೆ ಅದೇ ಎರಡು ಮೂರು ದಿನದಲ್ಲಿ ತಲೆ ಎತ್ತುತ್ತದೆ. ಎಲ್ಲಾದರೂ ಕಾಂಡ ಸೀಳಿದ್ದರೆ ಎರಡು ಬದಿ ಕೂಡಿಸಿ ಪ್ಲಾಸ್ಟಿಕ್ ಟೇಪ್ ಸುತ್ತಿ, ಸಿಪ್ಪೆ ಅರ್ಧ ಉಳಿದಿದ್ದರೂ ಕೂಡಿಕೊಳ್ಳುತ್ತದೆ. ಮುಂದಿನ ವಾರ ಎಲೆಗಳ ಕಂಕುಳಲ್ಲಿ ಕವಲು ಒಡೆಯುತ್ತವೆ. ಅವು ಬೆರಳುದ್ದ ಬಂದಾಗ ಎದುರುಬದುರಿನ ಎರಡು ಬಲವಾದವನ್ನು ಉಳಿಸಿ, ಎರಡು ಸುತಳಿಗೆ ಹತ್ತಿಸಿ, ಮಿಕ್ಕವನ್ನು ತೆಗೆಯಿರಿ. ಕಾಯಿ ಬರುತ್ತದೆ, ತಡವಾಗಿ. ಆ ಸಾಲುಗಳ ಕೊಯ್ಲನ್ನು ಬೇರೆ ಕ್ರೇಟಿಗೆ ಹಾಕಿ ತೂಕ ಬರೆದಿಟ್ಟರೆ ವಿಡಿಯೊದವರ ಎರಡು ಪಟ್ಟಿನ ಲೆಕ್ಕ ನಿಮ್ಮ ಹೊಲದಲ್ಲೇ ತೀರ್ಮಾನವಾಗುತ್ತದೆ.

ಇನ್ನು ಮನೆ ಮುಂದಿನ ಗಿಡಗಳು. ತಮಾಷೆಯೆಂದರೆ ನೀವು ನೋಡಿದ ಪಾಠ ನಿಜಕ್ಕೂ ಹೊಂದುವುದು ಸೇವಂತಿಗೆಗೆ. ಅದೂ ಹಗಲು ಗಿಡ್ಡವಾದಾಗ ಹೂ ಬಿಡುವ ಗಿಡ, ಅದರ ಹೂವೂ ಕವಲಿನ ತುದಿಯಲ್ಲೇ. ನೆಟ್ಟು ನಾಲ್ಕು ವಾರವಾಗಿ, ಬೇರು ಹಿಡಿದ ಮೇಲೆ ತುದಿಯ ಒಂದೂವರೆ ಅಂಗುಲ ಚಿವುಟಿ. ಕವಲುಗಳು ಬಂದು ಆರೇಳು ಎಲೆಯಾದಾಗ ಬಿಡಿ ಹೂವಿನ ಜಾತಿಗೆ ಇನ್ನೊಂದು ಸಲ ಚಿವುಟಬಹುದು. ಶ್ರಾವಣ ಮುಗಿಯುವುದರೊಳಗೆ ಕೊನೆಯ ಚಿವುಟು ಆಗಿಬಿಡಬೇಕು. ಆಮೇಲೆ ಚಿವುಟಿದರೆ ಬರುವ ಮೊಗ್ಗನ್ನೇ ಕಿತ್ತಂತೆ. ಚೆಂಡುಹೂವಿಗೂ ನಾಟಿಯಾದ ಒಂದು ತಿಂಗಳಿಗೆ ಒಂದು ಚಿವುಟು ಒಳ್ಳೆಯದು. ಆದರೆ ಹೂವು ಕೆಲವು ದಿನ ಮುಂದಕ್ಕೆ ಹೋಗುತ್ತದೆ, ದಸರಾಕ್ಕೆ ಅಂತ ಹಾಕಿದವರು ನಾಟಿಯನ್ನು ಅಷ್ಟು ಮೊದಲೇ ಮಾಡಿಕೊಳ್ಳಬೇಕು.

ಮೆಣಸಿಗೆ ಬೇಡ. ಮೊದಲ ಹೂವು ಬರುವ ಜಾಗದಲ್ಲಿ ಅದು ತಾನೇ ಎರಡಾಗಿ ಕವಲೊಡೆಯುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಆ ಕವಲಿನ ಸಂದಿಯಲ್ಲಿ ಬರುವ ಮೊದಲ ಒಂದು ಮೊಗ್ಗನ್ನು ಮಾತ್ರ, ಗಿಡ ಇನ್ನೂ ಗೇಣುದ್ದ ಇರುವಾಗಲೇ ಬಂದಿದ್ದರೆ ತೆಗೆದುಹಾಕಿ.

ಒಂದು ವಾರ ಕಾದು ನೋಡಿ. ಆಮೇಲೂ ಕುಡಿಯ ಎಲೆ ಮುರುಟುತ್ತಿದ್ದರೆ ಒಂದು ಇಡೀ ಗಿಡವನ್ನು ಬೇರು, ಮಣ್ಣು ಸಮೇತ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಬಾಡುವ ಮೊದಲೇ ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ನಂಜನಗೂಡು ಕಡೆಯವರಿಗೆ ಸುತ್ತೂರಿನ ಕೇಂದ್ರ ಹತ್ತಿರ. ಬರೀ ಒಂದು ಎಲೆ ಕಿತ್ತು ಜೇಬಿನಲ್ಲಿ ಹಾಕಿಕೊಂಡು ಹೋದರೆ ಅಲ್ಲಿ ಯಾರೂ ಏನೂ ಹೇಳಲಾರರು. ಕಳೆದ ಹದಿನೈದು ದಿನದಲ್ಲಿ ಏನೇನು ಹೊಡೆದಿರಿ, ಯಾವ ಕ್ಯಾನಿನಲ್ಲಿ ಹೊಡೆದಿರಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.